52 ಸಾಕಾ, 54 ಬೇಕಾ? ರೋಡ್ ಬೈಕ್ ಫ್ರೇಮ್ ಆರಿಸಿದ ನನ್ನ ಅನುಭವ

ನನ್ನ ಎತ್ತರ 172 ಸೆಂಟಿಮೀಟರ್. ರೋಡ್ ಬೈಕ್, ಅಂದರೆ ಟಾರು ರಸ್ತೆಯಲ್ಲಿ ವೇಗವಾಗಿ ಓಡಿಸುವ ಬಾಗಿದ ಹ್ಯಾಂಡಲ್ಲಿನ ಸೈಕಲ್, ತಗೊಳ್ಳೋಣ ಅಂತ ಹೊರಟಾಗ ಯಾವ ಸೈಜಿನ ಫ್ರೇಮ್ ಬೇಕು ಅನ್ನುವುದಕ್ಕೆ ಮೂರು ಕಡೆ ಮೂರು ಉತ್ತರ ಸಿಕ್ಕವು. ಕಂಪನಿಗಳ ಎತ್ತರದ ಪಟ್ಟಿ ನೋಡಿದರೆ 54. ಕಾಲಿನ ಅಳತೆಯನ್ನು 0.67ರಿಂದ ಗುಣಿಸುವ ಹಳೇ ಲೆಕ್ಕ ಹಾಕಿದರೆ 55.6, ಅಂದರೆ 56. ನನಗಿಂತ ಮೊದಲೇ ಸೈಕಲ್ ಹುಚ್ಚು ಹತ್ತಿಸಿಕೊಂಡಿದ್ದ ಗೆಳೆಯ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಂದು ಬರೀ ಕಾಲೇ ಉದ್ದ ಕಣೋ, ಮೈ ಗಿಡ್ಡ. ಸುಮ್ನೆ 52 ತಗೋ" ಅಂದ.

ಮೂರರಲ್ಲಿ ಯಾವುದೂ ಸುಳ್ಳಲ್ಲ. ಒಂದು ನನ್ನ ಎತ್ತರ ನೋಡಿ ಹೇಳಿತು, ಒಂದು ಕಾಲು ನೋಡಿ, ಇನ್ನೊಂದು ಬೆನ್ನು ನೋಡಿ. ಸೈಕಲ್ ಮೇಲೆ ಕೂರುವುದು ಇವು ಮೂರೂ ಸೇರಿದ ಮನುಷ್ಯ ಅಲ್ವಾ? ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ನಾನೇ ಟೇಪು ಹಿಡಿದು ಕೂತೆ.

ಮೊದಲು ಈ 52, 54, 56 ಅಂದರೇನು ಅಂತ ಹೇಳಿಬಿಡುತ್ತೇನೆ. ಪೆಡಲ್ ತಿರುಗುವ ಜಾಗವಿದೆಯಲ್ಲ, ಬಾಟಮ್ ಬ್ರ್ಯಾಕೆಟ್, ಅದರ ನಡುವಿನಿಂದ ಸೀಟ್ ಟ್ಯೂಬಿನ (ಸೀಟಿನ ಕೆಳಗಿರುವ ಕೊಳವೆ) ಮೇಲ್ತುದಿಯವರೆಗೆ ಎಷ್ಟು ಸೆಂಟಿಮೀಟರ್ ಅನ್ನುವುದೇ ಹಿಂದೆ ಫ್ರೇಮಿನ ಸೈಜ್ ಆಗಿತ್ತು. ನಮ್ಮೂರಿನ ಬಾಡಿಗೆ ಸೈಕಲ್ ಅಂಗಡಿಯಲ್ಲಿ 22, 24 ಅಂತ ಕೇಳುತ್ತಿದ್ದೆವಲ್ಲ, ಅದೂ ಇದೇ ಅಳತೆ, ಇಂಚಿನಲ್ಲಿ ಅಷ್ಟೇ. ಆಗ ಟಾಪ್ ಟ್ಯೂಬ್, ಅಂದರೆ ಸೀಟಿನ ಕಡೆಯಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಕೊಳವೆ, ನೆಲಕ್ಕೆ ಸಮನಾಗಿರುತ್ತಿತ್ತು. ಒಂದು ಅಳತೆ ಗೊತ್ತಾದರೆ ಉಳಿದದ್ದನ್ನು ಸುಮಾರಾಗಿ ಊಹಿಸಬಹುದಿತ್ತು. 1990ರ ದಶಕದ ಕೊನೆಯಲ್ಲಿ ಮೈಕ್ ಬರೋಸ್ ಎಂಬ ಇಂಗ್ಲಿಷ್ ವಿನ್ಯಾಸಕಾರ ಜೈಂಟ್ ಕಂಪನಿಗೆ ಟಿಸಿಆರ್ ಅನ್ನುವ ಫ್ರೇಮ್ ಮಾಡಿಕೊಟ್ಟರು. ಅದರ ಟಾಪ್ ಟ್ಯೂಬ್ ಹಿಂದಕ್ಕೆ ಇಳಿಜಾರು. ಆಮೇಲೆ ಹೆಚ್ಚುಕಮ್ಮಿ ಎಲ್ಲರೂ ಆ ದಾರಿ ಹಿಡಿದರು. ಈಗ 54 ಅಂತ ಬರೆದ ಫ್ರೇಮಿನ ಸೀಟ್ ಟ್ಯೂಬ್ ಅಳೆದರೆ 54 ಬರುವುದೇ ಅಪರೂಪ. ರೆಡಿಮೇಡ್ ಅಂಗಿಯ 'ಎಂ', 'ಎಲ್' ಇದ್ದ ಹಾಗೆ, ಅದೊಂದು ಹೆಸರು. ಒಂದು ಕಂಪನಿಯ 54 ಇನ್ನೊಂದು ಕಂಪನಿಯ 54 ಅಲ್ಲ.

ಸರಿ, ಕಾಲಿನ ಅಳತೆ. ಪ್ಯಾಂಟಿನ ಇನ್‌ಸೀಮ್ ಅಳತೆಯನ್ನೇ ಬರೆದುಕೊಂಡರೆ ಲೆಕ್ಕವೆಲ್ಲ ಕೆಡುತ್ತದೆ. ಅದು ನಿಜವಾದ ಕಾಲಿನ ಉದ್ದಕ್ಕಿಂತ ಕಡಿಮೆ ಇರುತ್ತದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಪಾದಗಳ ನಡುವೆ ಒಂದು ಗೇಣು ಅಂತರ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ಸಂದಿಗೆ ಸೇರಿಸಿ, ಅದರ ಬೆನ್ನು ಮೇಲಕ್ಕೆ ಇರುವಂತೆ, ಚೆನ್ನಾಗಿ ಮೇಲಕ್ಕೆ ಒತ್ತಬೇಕು. ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತದೋ ಅಷ್ಟು. ಮುಜುಗರ ಪಟ್ಟುಕೊಂಡು ಮೆಲ್ಲಗೆ ಒತ್ತಿದರೆ ಒಂದೆರಡು ಸೆಂಟಿಮೀಟರ್ ಅಲ್ಲೇ ಹೋಯಿತು. ಪುಸ್ತಕದ ಒಂದು ಅಂಚು ಪೂರ್ತಿ ಗೋಡೆಗೆ ತಾಗಿರಬೇಕು, ಇಲ್ಲದಿದ್ದರೆ ಅದು ವಾಲಿದ್ದು ಗೊತ್ತೇ ಆಗುವುದಿಲ್ಲ. ಪೆನ್ಸಿಲ್ ಗುರುತು ಹಾಕಿದ್ದು ನನ್ನ ಹೆಂಡತಿ. "ಉಸಿರು ಬಿಗಿ ಹಿಡಿದು ಹಿಮ್ಮಡಿ ಎತ್ತಬೇಡಿ ರೀ, ಮಿಲಿಟರಿ ಸೆಲೆಕ್ಷನ್ನಾ ಇದು?" ಅಂದಳು. ಮತ್ತೆ ಮತ್ತೆ ಅಳೆದು, ಹೊಂದಿ ಬಂದ ಅಳತೆ ಇಟ್ಟುಕೊಂಡೆವು. 83 ಸೆಂಟಿಮೀಟರ್. ನನ್ನ ಎತ್ತರದವರಿಗೆ ಇದು ಜಾಸ್ತಿಯೇ. ಗೆಳೆಯ ಹೇಳಿದ್ದು ಸರಿಯಿತ್ತು.

ಈ 83 ಅನ್ನು 0.883ರಿಂದ ಗುಣಿಸಿದರೆ 73.3. ಬಾಟಮ್ ಬ್ರ್ಯಾಕೆಟ್ಟಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ದೂರ ಅದು. ಮೂರು ಸಲ ಟೂರ್ ಡಿ ಫ್ರಾನ್ಸ್ ಗೆದ್ದ ಗ್ರೆಗ್ ಲೆಮಾಂಡ್ ಮತ್ತು ಅವರ ತರಬೇತುದಾರ ಸಿರಿಲ್ ಗಿಮಾರ್ ಅವರಿಂದ ಹೆಸರಾದ ಲೆಕ್ಕ ಇದು. ಆ ಕಾಲದ ಶೂ, ಪೆಡಲ್ ದಪ್ಪ. ಶೂವನ್ನೇ ಕಚ್ಚಿ ಹಿಡಿಯುವ ಈಗಿನ ಕ್ಲಿಪ್‌ಲೆಸ್ ಪೆಡಲ್ಲಿಗೆ ಕೆಲವು ಮಿಲಿಮೀಟರ್ ಇಳಿಸಿದರೆ ಸರಿ. ಶುರು ಮಾಡುವುದಕ್ಕೆ ಮಾತ್ರ ಈ ಸಂಖ್ಯೆ. ಹಿಮ್ಮಡಿ ಪೆಡಲ್ ಮೇಲಿಟ್ಟು ಕೆಳಗೆ ತಂದಾಗ ಕಾಲು ನೆಟ್ಟಗಾದರೆ ಸೀಟು ಹೆಚ್ಚುಕಮ್ಮಿ ಸರಿಯಾದ ಎತ್ತರದಲ್ಲಿದೆ ಅಂತ.

ನನ್ನ ಗೊಂದಲ ತಿಳಿಯಾಗಿದ್ದು ಇಲ್ಲಿ. 73 ಸೆಂಟಿಮೀಟರ್ ಸೀಟು 52ರಲ್ಲೂ ಸಿಗುತ್ತದೆ, 54ರಲ್ಲೂ ಸಿಗುತ್ತದೆ, 56ರಲ್ಲೂ ಸಿಗುತ್ತದೆ. ಸೀಟ್‌ಪೋಸ್ಟ್ ಏರಿಸಿದರೆ ಆಯಿತು, ಇಳಿಸಿದರೆ ಆಯಿತು. ಅಂದಮೇಲೆ ಫ್ರೇಮಿನ ಸೈಜನ್ನು ಕಾಲಿನಿಂದ ತೀರ್ಮಾನಿಸುವುದು ಯಾಕೆ? ಅಷ್ಟು ಸುಲಭವಾಗಿ ಬದಲಾಗದೇ ಇರುವುದು ಕೈ ಹೋಗಿ ಕೂರುವ ಜಾಗ. ಹ್ಯಾಂಡಲ್ ಎಷ್ಟು ದೂರ, ಎಷ್ಟು ಎತ್ತರ. ಸೈಜ್ ನೋಡುವುದು ಅದಕ್ಕೆ.

ಅದನ್ನು ಹೇಳುವ ಎರಡು ಸಂಖ್ಯೆಗಳು ಸ್ಟ್ಯಾಕ್ ಮತ್ತು ರೀಚ್. ಬಾಟಮ್ ಬ್ರ್ಯಾಕೆಟ್ಟಿನ ನಡುವಿನಿಂದ ಹೆಡ್ ಟ್ಯೂಬಿನ (ಹ್ಯಾಂಡಲ್ ಕೆಳಗಿರುವ, ಫ್ರೇಮಿನ ಮುಂದಿನ ಗಿಡ್ಡ ಕೊಳವೆ) ಮೇಲ್ತುದಿ ನೆಟ್ಟಗೆ ಎಷ್ಟು ಮೇಲಿದೆ ಅನ್ನುವುದು ಸ್ಟ್ಯಾಕ್. ಎಷ್ಟು ಮುಂದಿದೆ ಅನ್ನುವುದು ರೀಚ್. ಟ್ರಯತ್ಲಾನ್ ಸೈಕಲ್‌ಗಳಿಗೆ ಅಂತ ಅಮೆರಿಕದ ಡಾನ್ ಎಂಪ್‌ಫೀಲ್ಡ್ ಶುರುಮಾಡಿದ ಪದ್ಧತಿ ಇದು. ಈಗ ಯಾವ ಒಳ್ಳೆ ಕಂಪನಿಯ ಜಾಮೆಟ್ರಿ ಪಟ್ಟಿ ತೆಗೆದರೂ ಇರುತ್ತದೆ. ಹಳಬರು ಎಫೆಕ್ಟಿವ್ ಟಾಪ್ ಟ್ಯೂಬ್ ನೋಡುತ್ತಾರೆ, ಅಂದರೆ ಹೆಡ್ ಟ್ಯೂಬಿನ ಮೇಲ್ತುದಿಯಿಂದ ಸೀಟ್‌ಪೋಸ್ಟ್‌ವರೆಗೆ ನೆಲಕ್ಕೆ ಸಮನಾಗಿ ಅಳೆದ ದೂರ. ಅದರಲ್ಲೊಂದು ತೊಡಕಿದೆ. ಸೀಟ್ ಟ್ಯೂಬಿನ ಕೋನ ಒಂದು ಡಿಗ್ರಿ ಬದಲಾದರೆ ಆ ಉದ್ದ ಸುಮಾರು ಒಂದು ಸೆಂಟಿಮೀಟರ್ ಬದಲಾಗುತ್ತದೆ, ಹ್ಯಾಂಡಲ್ ಮಾತ್ರ ಇದ್ದಲ್ಲೇ ಇರುತ್ತದೆ.

ನಾನು ನಾಲ್ಕು ಫ್ರೇಮುಗಳನ್ನು ಪಕ್ಕಪಕ್ಕ ಬರೆದುಕೊಂಡೆ. ಮಿಲಿಮೀಟರಿನಲ್ಲಿ, ಸ್ವಲ್ಪ ಹಿಂದೆ ಮುಂದೆ: ರೇಸ್ ಮಾದರಿಯ 52ಕ್ಕೆ ಸ್ಟ್ಯಾಕ್ 525, ರೀಚ್ 380. ಅದೇ ಮಾದರಿಯ 54ಕ್ಕೆ 545, 385. ಎಂಡ್ಯೂರೆನ್ಸ್ ಮಾದರಿ, ಅಂದರೆ ಉದ್ದದ ಸವಾರಿಗೆ ಮಾಡಿದ್ದು, ಅದರ 52ಕ್ಕೆ 560, 370. ಅದರ 54ಕ್ಕೆ 575, 375.

ಸೀಟು ಓರೆಯಾಗಿ 73 ಸೆಂಟಿಮೀಟರ್ ಅಂದರೆ ನೆಟ್ಟಗೆ ಎತ್ತರ ಸುಮಾರು 70. ಹ್ಯಾಂಡಲ್ ಕಡೆ ಸ್ಟ್ಯಾಕ್‌ಗೆ ಹೆಡ್ ಟ್ಯೂಬಿನ ಮೇಲೆ ಕೂರುವ ಹೆಡ್‌ಸೆಟ್ ಮುಚ್ಚಳ, ಎತ್ತರಕ್ಕೆ ಹಾಕುವ ಬಳೆಗಳು (ಸ್ಪೇಸರ್), ಹ್ಯಾಂಡಲನ್ನು ಹಿಡಿದು ಮುಂದಕ್ಕೆ ಚಾಚುವ ಸ್ಟೆಮ್ಮಿನ ದಪ್ಪ, ಅದರ ಏರು ಎಲ್ಲ ಸೇರಿಸಿದೆ. ಎಲ್ಲವೂ ಸೇರಿ ಇನ್ನೊಂದು ಆರೇಳು ಸೆಂಟಿಮೀಟರ್. ಕಳೆದು ನೋಡಿದರೆ ರೇಸ್ 52ರಲ್ಲಿ ಹ್ಯಾಂಡಲ್ ನನ್ನ ಸೀಟಿಗಿಂತ ಸುಮಾರು 11 ಸೆಂಟಿಮೀಟರ್ ಕೆಳಗೆ. ರೇಸ್ 54ರಲ್ಲಿ 9. ಎಂಡ್ಯೂರೆನ್ಸ್ 52ರಲ್ಲಿ ಏಳೂವರೆ, 54ರಲ್ಲಿ 6.

ನನಗೆ ನಲವತ್ತು ದಾಟಿದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಬಗ್ಗಿದರೆ ಬೆರಳು ಮೊಣಕಾಲಿನ ಕೆಳಗೆ ಹೋಗುವುದೇ ಕಷ್ಟ. 200 ಕಿಲೋಮೀಟರ್ ಬ್ರೆವೆ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸುವ ದೂರದ ಸವಾರಿ, ಮುಗಿಸಬೇಕು ಅನ್ನುವ ಆಸೆ ಇತ್ತು. ಅದಕ್ಕೆ ಹದಿಮೂರೂವರೆ ಗಂಟೆ ಸಮಯ ಕೊಡುತ್ತಾರೆ. ಅಷ್ಟು ಹೊತ್ತು 11 ಸೆಂಟಿಮೀಟರ್ ಕೆಳಗೆ ಬಗ್ಗಿ ಕೂರುವ ಮೈ ನನ್ನದಲ್ಲ. ಇಪ್ಪತ್ತೆರಡರ ಹುಡುಗನಿಗೆ ಅದೇ ಖುಷಿ ಇರಬಹುದು, ಬೇಡ ಅನ್ನಲ್ಲ. ಇಲ್ಲಿಗೆ ಗೆಳೆಯನ 52 ಬಿತ್ತು. ಅವನು ಹೇಳಿದ್ದು ರೇಸ್ ಫ್ರೇಮಿನ ಮಾತು. ಕಾಲು ಉದ್ದ, ಮೈ ಗಿಡ್ಡ ಇದ್ದವರಿಗೆ ಚಿಕ್ಕ ರೇಸ್ ಫ್ರೇಮ್ ಕೊಟ್ಟರೆ ದೂರವೇನೋ ಸರಿಹೋಗುತ್ತದೆ, ಆದರೆ ಸೀಟು ಆಕಾಶದಲ್ಲಿ, ಹ್ಯಾಂಡಲ್ ಪಾತಾಳದಲ್ಲಿ.

ಇನ್ನೊಂದು ಲೆಕ್ಕ ನೋಡಿ, ನನಗೆ ತುಂಬಾ ಉಪಯೋಗಕ್ಕೆ ಬಂತು. ಹೆಡ್ ಟ್ಯೂಬ್ ಹಿಂದಕ್ಕೆ ವಾಲಿರುತ್ತದೆ. ಹಾಗಾಗಿ 10 ಮಿಲಿಮೀಟರ್ ಸ್ಪೇಸರ್ ಹಾಕಿದರೆ ಹ್ಯಾಂಡಲ್ ಮೇಲೆ ಹೋಗುವುದರ ಜೊತೆಗೆ ಸುಮಾರು 3 ಮಿಲಿಮೀಟರ್ ಹಿಂದಕ್ಕೂ ಬರುತ್ತದೆ. ಆದ್ದರಿಂದ ಎರಡು ಫ್ರೇಮುಗಳ ರೀಚ್ ಹೋಲಿಸುವ ಮುಂಚೆ ಸ್ಟ್ಯಾಕ್ ಸಮ ಮಾಡಿಕೊಳ್ಳಬೇಕು. ರೇಸ್ 54 ಅನ್ನು 30 ಮಿಲಿಮೀಟರ್ ಏರಿಸಿದರೆ ಅದರ 385 ರೀಚ್ 376 ಆಯಿತು. ಎಂಡ್ಯೂರೆನ್ಸ್ 54ರದ್ದು 375. ಒಂದೇ ಜಾಗ! ಪಟ್ಟಿಯಲ್ಲಿ ಕಂಡ ಒಂದು ಸೆಂಟಿಮೀಟರ್ ವ್ಯತ್ಯಾಸ ಮಾಯ. ಹಾಗಂತ ರೇಸ್ ಫ್ರೇಮ್ ತಂದು ಸ್ಪೇಸರ್ ಗೋಪುರ ಕಟ್ಟುವುದು ಬೇಡ. ಕಾರ್ಬನ್ ಫೋರ್ಕಿಗೆ ಎಷ್ಟು ಸ್ಪೇಸರ್ ಹಾಕಬಹುದು ಅಂತ ಕಂಪನಿಯೇ ಮಿತಿ ಹಾಕಿರುತ್ತದೆ.

ಇದೇ ತರ ಎಂಡ್ಯೂರೆನ್ಸ್ 52 ಅನ್ನು 54ರ ಎತ್ತರಕ್ಕೆ ತಂದರೆ ರೀಚ್ 365ರ ಹತ್ತಿರ. 54ಕ್ಕಿಂತ ಒಂದು ಸೆಂಟಿಮೀಟರ್ ಕಡಿಮೆ. ಅಂದರೆ 100 ಮಿಲಿಮೀಟರ್ ಸ್ಟೆಮ್ ಹಾಕಿದ 52, 90 ಮಿಲಿಮೀಟರ್ ಸ್ಟೆಮ್ ಹಾಕಿದ 54, ಎರಡರಲ್ಲೂ ನನ್ನ ಕೈ ಒಂದೇ ಕಡೆ ಕೂರುತ್ತದೆ. ಹಾಗಾದರೆ ಯಾವುದು?

ಇದನ್ನು ಕಾಗದದ ಮೇಲೆ ತೀರ್ಮಾನಿಸಲು ಆಗಲ್ಲ. ಸೈಕಲ್ ಎರವಲು ಪಡೆದು ಓಡಿಸಿದೆ. ಅಂಗಡಿಯವರು ಕೊಡುವ ಗಲ್ಲಿ ಸುತ್ತಿನಲ್ಲಿ ಏನೂ ತಿಳಿಯುವುದಿಲ್ಲ, ಐದು ನಿಮಿಷಕ್ಕೆ ಯಾವ ಸೈಕಲ್ಲೂ ಚೆನ್ನಾಗೇ ಇರುತ್ತದೆ. ಬೆಂಗಳೂರಿನವರು ಸೈಕಲ್ ಪರೀಕ್ಷೆಗೆ ಅಂತ ಹೋಗುವುದು ನಂದಿ ಬೆಟ್ಟಕ್ಕೆ. ನನ್ನ ಕೇಳಿದರೆ ಹತ್ತುವಾಗ ಸೈಜ್ ಗೊತ್ತಾಗುವುದಿಲ್ಲ. ಏರಿನಲ್ಲಿ ಎಲ್ಲರೂ ಬೆನ್ನು ಮೇಲೆತ್ತಿ ಹ್ಯಾಂಡಲ್ಲಿನ ನಡುವೆ ಕೈಯಿಟ್ಟು ಕೂತಿರುತ್ತಾರೆ. ಗೊತ್ತಾಗುವುದು ದೇವನಹಳ್ಳಿ ಕಡೆಯ ಸಮತಟ್ಟು ರಸ್ತೆಯಲ್ಲಿ, ಎದುರುಗಾಳಿಗೆ ಹುಡ್ (ಬ್ರೇಕ್ ಲಿವರಿನ ಮೇಲಿನ ರಬ್ಬರ್ ಹಿಡಿ) ಹಿಡಿದು ತುಂಬಾ ಹೊತ್ತು ಒಂದೇ ಸಮ ತುಳಿಯುವಾಗ. ಮೊಣಕೈ ತಾನಾಗೇ ಸ್ವಲ್ಪ ಬಾಗಿದೆಯಾ, ಇಲ್ಲ ಕೋಲಿನ ಹಾಗೆ ನೆಟ್ಟಗಾಗಿದೆಯಾ? ಗೊತ್ತಿಲ್ಲದೆ ಸೀಟಿನ ತುದಿಗೆ ಜಾರುತ್ತಿದ್ದೀರಾ? ಹುಡ್ ಬಿಟ್ಟು ಪದೇ ಪದೇ ಕೈ ಹಿಂದಕ್ಕೆ ತರುತ್ತಿದ್ದೀರಾ? ಹಾಗಿದ್ದರೆ ದೂರ ಜಾಸ್ತಿ. ಮತ್ತೆ ಇಳಿಯುವಾಗ ಗೊತ್ತಾಗುತ್ತದೆ. ನಂದಿಯ ಹೇರ್‌ಪಿನ್ ತಿರುವುಗಳಲ್ಲಿ ಡ್ರಾಪ್ (ಹ್ಯಾಂಡಲ್ಲಿನ ಕೆಳಕ್ಕೆ ಬಾಗಿದ ಭಾಗ) ಹಿಡಿದು ಬ್ರೇಕ್ ಒತ್ತಬೇಕು. ಆಗ ಕುತ್ತಿಗೆ ಎತ್ತಿ ಮುಂದಿನ ರಸ್ತೆ ಆರಾಮಾಗಿ ನೋಡಲು ಆಗದಿದ್ದರೆ ಹ್ಯಾಂಡಲ್ ನಿಮಗೆ ಕೆಳಗಾಯಿತು ಅಂತ. ಹುಡ್ ಹಿಡಿದಾಗ ಮುಂದಿನ ಚಕ್ರದ ನಡುವಿನ ಹಬ್ ಹ್ಯಾಂಡಲ್ಲಿನ ಹಿಂದೆ ಮರೆಯಾದರೆ ಸೈಜ್ ಸರಿ ಅಂತ ಹೇಳುವವರಿದ್ದಾರೆ. ತಲೆ ಸ್ವಲ್ಪ ಬಗ್ಗಿಸಿದರೂ ಅದು ಬದಲಾಗುತ್ತದೆ, ನಾನಂತೂ ನಂಬಲಿಲ್ಲ.

52 ಮತ್ತು 54ರ ನಡುವಿನ ತೀರ್ಪು ಸಿಕ್ಕಿದ್ದು ಮಾತ್ರ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ. ಗೇಟಿನ ಹತ್ತಿರ ಹಂಪ್, ಅದು ದಾಟಿದ ಕೂಡಲೇ ಎಡಕ್ಕೆ ಕಡಿದಾದ ತಿರುವು. ನಡಿಗೆಯಷ್ಟೇ ವೇಗ. ಎರವಲು ತಂದ 52ರಲ್ಲಿ ಹ್ಯಾಂಡಲ್ ತಿರುಗಿಸಿದರೆ ಬಲಗಾಲಿನ ಶೂ ತುದಿ ಮುಂದಿನ ಟೈರಿಗೆ ಸರ್ರನೆ ಉಜ್ಜಿತು. ಚಿಕ್ಕ ಫ್ರೇಮಿಗೂ ದೊಡ್ಡ ಫ್ರೇಮಿಗೂ ಸಾಮಾನ್ಯವಾಗಿ ಒಂದೇ 700ಸಿ ಅಳತೆಯ ಚಕ್ರ, ಹಾಗಾಗಿ ಚಿಕ್ಕ ಸೈಜುಗಳಲ್ಲಿ ಇದು ಇದ್ದದ್ದೇ. ವೇಗದಲ್ಲಿ ಹೋಗುವಾಗ ಚಕ್ರವನ್ನು ಅಷ್ಟು ತಿರುಗಿಸುವುದೇ ಇಲ್ಲ, ಆದ್ದರಿಂದ ತುಂಬಾ ಜನ ಇದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಆದರೆ ನಾನು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಾಡುವವನು, ಶೂ ಸೈಜ್ 10. ಬೇರೆ ದಾರಿ ಇದ್ದಾಗ ಈ ಕಿರಿಕಿರಿ ಯಾಕೆ? 54ರಲ್ಲಿ ಕೂದಲೆಳೆಯಷ್ಟು ಸಂದಿ ಬಿಟ್ಟು ಶೂ ಪಾರಾಯಿತು. ಎರಡು ಸೈಜಿನ ನಡುವೆ ಇದ್ದರೆ ಚಿಕ್ಕದು ತಗೊಳ್ಳಿ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಬೆನ್ನು ಬಗ್ಗುವವರಿಗೆ ಅದು ಸರಿ. ನನ್ನಂಥ ಉದ್ದಕಾಲಿನವರಿಗೆ ನಾನು ಹಾಗೆ ಹೇಳುವುದಿಲ್ಲ.

ಅಂಗಡಿಯಲ್ಲಿ ಇನ್ನೊಂದು ಕಥೆ. ಒಬ್ಬರ ಹತ್ತಿರ 54 ಇರಲಿಲ್ಲ. "ಸಾರ್, 56 ಇದೆ, ಆಫರ್ ಬೇರೆ ನಡೀತಿದೆ. ಸೀಟು ಸ್ವಲ್ಪ ಇಳಿಸಿ ಮುಂದಕ್ಕೆ ತಳ್ಳಿದ್ರೆ ನಿಮಗೆ ಕರೆಕ್ಟಾಗಿ ಕೂರುತ್ತೆ" ಅಂದರು. ಸೀಟನ್ನು ಹಿಂದೆ ಮುಂದೆ ಸರಿಸುವುದು ಮೊಣಕಾಲು ಪೆಡಲ್ ಮೇಲೆ ಸರಿಯಾಗಿ ಬರಲಿ ಅಂತ, ಹ್ಯಾಂಡಲ್ ಹತ್ತಿರ ತರಲಿಕ್ಕಲ್ಲ. ತಳ್ಳಿದರೆ ಮೈಭಾರ ಅಂಗೈ ಮೇಲೆ ಬೀಳುತ್ತದೆ, ಮೊಣಕಾಲೂ ಸುಮ್ಮನಿರುವುದಿಲ್ಲ. ನಮಸ್ಕಾರ ಹೇಳಿ ಬಂದೆ. ಬೇರೆ ಕಡೆ ಆರ್ಡರ್ ಕೊಟ್ಟು ಕಾದೆ.

ಬಂದ 54ರಲ್ಲಿ 100ರ ಸ್ಟೆಮ್ ಇತ್ತು. ಡೆಲಿವರಿಗೆ ಮುಂಚೆಯೇ 90ರದ್ದು ಹಾಕಿಸಿಕೊಂಡೆ. ಕೇಬಲ್ ಹೊರಗಿರುವ ಸೈಕಲ್ಲಿಗೆ ಇದು ಹತ್ತು-ಹದಿನೈದು ನಿಮಿಷದ ಕೆಲಸ. ಈಗ ಬರುವ, ಕೇಬಲ್ ಎಲ್ಲ ಸ್ಟೆಮ್ಮಿನ ಒಳಗೇ ಹೋಗುವ ಮಾದರಿಗಳಲ್ಲಿ ಇದೇ ದೊಡ್ಡ ರಾಮಾಯಣ, ಖರ್ಚೂ ಜೋರು. ಅಂಥದ್ದು ತಗೊಳ್ಳುವವರು ದುಡ್ಡು ಕೊಡುವ ಮುಂಚೆಯೇ ಸ್ಟೆಮ್ ಉದ್ದ ತೀರ್ಮಾನಿಸಿಕೊಳ್ಳಿ. ಹ್ಯಾಂಡಲ್ ಅಗಲ 42 ಸೆಂಟಿಮೀಟರ್ ಇತ್ತು, ನನ್ನ ಭುಜದ ಎಲುಬಿನಿಂದ ಎಲುಬಿಗೆ 39. ಅದನ್ನೂ 40ಕ್ಕೆ ಬದಲಾಯಿಸಿಕೊಂಡೆ. ಸ್ಟೆಮ್ ತುಂಬಾ ಗಿಡ್ಡ ಮಾಡುತ್ತಾ ಹೋಗಬಾರದು. 80ಕ್ಕಿಂತ ಕಡಿಮೆಯದ್ದು ಬೇಕಾಯಿತು ಅಂದರೆ ರೋಡ್ ಬೈಕಿನಲ್ಲಿ ಫ್ರೇಮೇ ದೊಡ್ಡದು ಅಂತ ನನ್ನ ಲೆಕ್ಕ.

ಸೆಕೆಂಡ್ ಹ್ಯಾಂಡ್ ನೋಡುವವರು ಮಾರುವವರ ಹತ್ತಿರ "ಸೈಜ್ ಎಷ್ಟು" ಅಂತ ಕೇಳಿ ಸುಮ್ಮನಾಗಬೇಡಿ. ಮಾಡೆಲ್ ಮತ್ತು ಯಾವ ವರ್ಷದ್ದು ಅಂತ ಕೇಳಿ, ಕಂಪನಿಯ ಹಳೇ ಪಟ್ಟಿಯಲ್ಲಿ ಸ್ಟ್ಯಾಕ್, ರೀಚ್ ಹುಡುಕಿ. ಸ್ಟೆಮ್ ಮೇಲೆ ಅದರ ಉದ್ದ ಅಚ್ಚು ಹಾಕಿರುತ್ತಾರೆ, ಅದರ ಫೋಟೋ ತರಿಸಿಕೊಳ್ಳಿ. ಸ್ಟೆಮ್ಮಿನ ಕೆಳಗೆ ಎಷ್ಟು ಸ್ಪೇಸರ್ ಇದೆ ಅಂತಲೂ ಪಕ್ಕದಿಂದ ತೆಗೆದ ಒಂದು ಫೋಟೋದಲ್ಲಿ ನೋಡಿ. ಮೊದಲಿನವರು ಸ್ಟೀರರ್ ಟ್ಯೂಬ್ (ಸ್ಟೆಮ್ ಕೂರುವ, ಫೋರ್ಕಿನ ಮೇಲಿನ ಕೊಳವೆ) ಕತ್ತರಿಸಿಬಿಟ್ಟಿದ್ದರೆ ಹ್ಯಾಂಡಲ್ ಮೇಲಕ್ಕೆ ತರಲು ನಿಮಗೆ ಜಾಗವೇ ಇರುವುದಿಲ್ಲ.