ಇಬ್ಬರು ಅರುವ, ಎರಡು ಮೈಕ್: ಮದುವೆ ಮಾತು ಕೆಡದಂತೆ ರೆಕಾರ್ಡ್ ಮಾಡುವುದು ಹೇಗೆ?

ಕೊಡವ ಮದುವೆಯಲ್ಲಿ ಸಮ್ಮಂದ ಕೊಡುಪ, ಅಂದರೆ ಹುಡುಗಿಗೆ ಗಂಡನ ಮನೆಯ ಸಂಬಂಧ ಕೊಡುವುದು, ಪೂರ್ತಿ ಮಾತಿನ ಶಾಸ್ತ್ರ. ಅರುವ ಅಂದರೆ ಮನೆಯವರ ಪರವಾಗಿ ಮಾತಾಡುವ ಹಿರಿಯರು. ಹೆಣ್ಣಿನ ಕಡೆ ಅರುವ, ಗಂಡಿನ ಕಡೆ ಅರುವ ಎದುರು ಬದುರು ನಿಂತು ಕೇಳುತ್ತಾರೆ, ಉತ್ತರ ಕೊಡುತ್ತಾರೆ. ಹುಡುಗಿ ಹೊಸ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಸೇರುವುದು ಆ ಮಾತಿನಲ್ಲೇ. ಆದರೆ ವಿರಾಜಪೇಟೆ, ಗೋಣಿಕೊಪ್ಪ ಕಡೆ ನಾನು ನೋಡಿದ ಎಷ್ಟೋ ಮದುವೆ ವಿಡಿಯೊಗಳಲ್ಲಿ ಒಬ್ಬ ಅರುವನ ಮಾತು ಕಿವಿಗೆ ಬಡಿಯುತ್ತದೆ, ಇನ್ನೊಬ್ಬರದು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಎರಡು ಚಾನೆಲ್‌ನ ವೈರ್‌ಲೆಸ್ ಮೈಕ್ ಕೈಯಲ್ಲಿದ್ದೂ ಹೀಗಾಗುತ್ತದೆ ಅನ್ನುವುದೇ ಬೇಸರ.

ಮೊದಲು ಖರೀದಿಯ ಮಾತು. ಎರಡು ಟ್ರಾನ್ಸ್‌ಮಿಟರ್ (ಮಾತಾಡುವವರ ಮೈಮೇಲೆ ಸಿಕ್ಕಿಸುವ ಪೆಟ್ಟಿಗೆ) ಇದೆ ಎಂದ ಮಾತ್ರಕ್ಕೆ ಅದು ಎರಡು ಚಾನೆಲ್ ಸೆಟ್ ಆಗುವುದಿಲ್ಲ. ಅಗ್ಗದ ಸೆಟ್‌ಗಳಲ್ಲಿ ಎಷ್ಟೋ ರಿಸೀವರ್‌ಗಳು (ಕ್ಯಾಮೆರಾ ಕಡೆ ಇರುವ ಪೆಟ್ಟಿಗೆ) ಎರಡೂ ದನಿಯನ್ನು ಬೆರೆಸಿ ಒಂದಾಗಿ ಹೊರಗೆ ಬಿಡುತ್ತವೆ. ಬೆರೆತ ಮೇಲೆ ಬೇರೆ ಮಾಡಲು ಬರುವುದಿಲ್ಲ. ಅಂಗಡಿಯಲ್ಲೇ ಇಯರ್‌ಫೋನ್ ಹಾಕಿ ನೋಡಿ: ಒಂದು ಮೈಕ್ ಎಡ ಕಿವಿಯಲ್ಲಿ, ಇನ್ನೊಂದು ಬಲ ಕಿವಿಯಲ್ಲಿ ಮಾತ್ರ ಕೇಳಬೇಕು. ಕೇಳದಿದ್ದರೆ ಬೇಡ. ಟ್ರಾನ್ಸ್‌ಮಿಟರ್ ಒಳಗೇ ರೆಕಾರ್ಡ್ ಆಗುವ ಮಾದರಿಯನ್ನೇ ತಗೊಳ್ಳಿ. 2021ರಲ್ಲಿ ಬಂದ ರೋಡ್ ವೈರ್‌ಲೆಸ್ ಗೋ 2ರಲ್ಲಿ ಈ ಸೌಲಭ್ಯ ಇದೆ, ಈಗ ಬೇರೆ ಕಂಪನಿಗಳೂ ಕೊಡುತ್ತಿವೆ.

ರಿಸೀವರ್‌ನಿಂದ ಹೊರಡುವ ಕೇಬಲ್ ನೋಡಿಕೊಳ್ಳುವುದು ಒಂದೇ ನಿಮಿಷದ ಕೆಲಸ. ಪಿನ್ನಿನ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಕ್ಯಾಮೆರಾಗೆ, ಮೂರು ಇದ್ದರೆ ಫೋನಿಗೆ.

ಆಮೇಲೆ ರಿಸೀವರ್‌ನಲ್ಲಿ ಸ್ಪ್ಲಿಟ್ ಮೋಡ್, ಅಂದರೆ ಎರಡೂ ಮೈಕಿನ ದನಿ ಬೇರೆ ಬೇರೆ ಹೋಗುವ ಮೋಡ್, ಹಾಕಿ. ಕೆಲವು ಮಾದರಿಗಳಲ್ಲಿ ಇದಕ್ಕೆ ಸ್ಟೀರಿಯೊ ಎಂದು ಹೆಸರು. ಮರ್ಜ್ ಅಥವಾ ಮೋನೊ ಬೇಡ. ದನಿ ಒಡೆದರೆ ಇರಲಿ ಎಂದು ಅದೇ ಮಾತನ್ನು ಕಡಿಮೆ ಲೆವೆಲ್‌ನಲ್ಲಿ ಇನ್ನೊಮ್ಮೆ ಹಿಡಿಯುವ ಸೇಫ್ಟಿ ಚಾನೆಲ್ ಇದೆಯಲ್ಲ, ಅದನ್ನೂ ಹಾಕೋಣ ಅನ್ನುತ್ತೀರಾ? ಕ್ಯಾಮೆರಾಗೆ ಹೋಗುವುದೇ ಎರಡು ಟ್ರ್ಯಾಕ್. ಒಂದನ್ನು ಸೇಫ್ಟಿಗೆ ಕೊಟ್ಟರೆ ಇಬ್ಬರು ಅರುವರೂ ಉಳಿದ ಒಂದರಲ್ಲೇ ಸೇರಿಕೊಳ್ಳಬೇಕಾಗುತ್ತದೆ. ಒಮ್ಮೆ ನಾನು ಮೋಡ್ ನೋಡದೆ ಶೂಟಿಂಗ್‌ಗೆ ನಿಂತಿದ್ದೆ. ಒಬ್ಬರ ಚೇಲೆ (ಸೊಂಟದ ರೇಷ್ಮೆ ಪಟ್ಟಿ) ಮೈಕಿಗೆ ಉಜ್ಜಿದ ಸದ್ದು ಇನ್ನೊಬ್ಬರ ಮಾತಿನ ಮೇಲೂ ಕೂತುಬಿಟ್ಟಿತ್ತು. ಹಾಗೆ ಮಾತು ಕೆಟ್ಟ ಆ ಅಜ್ಜ ಮುಂದಿನ ಮಳೆಗಾಲ ನೋಡಲಿಲ್ಲ. ಆ ಮನೆಯವರಿಗೆ ಕೆಟ್ಟ ಆಡಿಯೊ ಕೊಟ್ಟೆ ಅನ್ನುವ ನೋವು ಇವತ್ತಿಗೂ ಇದೆ.

ಇನ್ನು ಮೈಕ್ ಸಿಕ್ಕಿಸುವುದು. ಹೆಚ್ಚಿನವರು ಕೆಡಿಸುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. ಅರುವನ ಕಪ್ಪು ಕುಪ್ಯದ (ಕೊಡವರ ನಿಲುವಂಗಿ) ಕತ್ತಿನ ಹತ್ತಿರ ಒಳಗಿನ ಬಿಳಿ ಅಂಗಿ ಕಾಣುತ್ತದೆ. ಕಾಲರ್ ಮೈಕನ್ನು ಆ ಅಂಗಿಯ ಗುಂಡಿ ಪಟ್ಟಿಗೆ ಹಾಕಿ, ಗಲ್ಲದಿಂದ ಒಂದು ಗೇಣಿಗಿಂತ ತುಸು ಕಡಿಮೆ ದೂರದಲ್ಲಿ. ಕುಪ್ಯದ ಅಂಚಿಗೆ ಬೇಡ, ಕೈ ಎತ್ತಿದರೆ ಅದು ಸರಿಯುತ್ತದೆ. ವಯರನ್ನು ಅಂಗಿಯೊಳಗೆ ಸಣ್ಣ ಸುತ್ತು ಮಾಡಿ ಟೇಪ್ ಹಚ್ಚಿ. ಆಗ ವಯರ್ ಎಳೆದರೂ ಸದ್ದು ಮೈಕ್ ತನಕ ಹೋಗುವುದಿಲ್ಲ. ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಬೆಳ್ಳಿ ಸರಪಳಿ ಎಲ್ಲಿ ತೂಗುತ್ತದೆ ನೋಡಿ, ವಯರೂ ಟ್ರಾನ್ಸ್‌ಮಿಟರೂ ಅದರ ಹತ್ತಿರ ಸುಳಿಯಬಾರದು.

ಟ್ರಾನ್ಸ್‌ಮಿಟರನ್ನು ಬೆನ್ನಿಗೆ ಸಿಕ್ಕಿಸುವ ಅಭ್ಯಾಸ ಬಿಡಿ. ಈ ಸಣ್ಣ ಸೆಟ್‌ಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಮನುಷ್ಯನ ಮೈಯಲ್ಲಿರುವ ನೀರು ಆ ಅಲೆಯನ್ನು ಹೀರಿಕೊಳ್ಳುತ್ತದೆ. ಡಬ್ಬಿಯ ಮೇಲೆ 200 ಮೀಟರ್ ಎಂದು ಬರೆದಿರುವುದು ನಡುವೆ ಯಾರೂ ಇಲ್ಲದ ಬಯಲಿನ ಲೆಕ್ಕ. ತುಂಬಿದ ಮಂಟಪದಲ್ಲಿ ಜನರ ಮೈ, ನೂರಾರು ಫೋನಿನ ವೈಫೈ, ಬ್ಲೂಟೂತ್ ಎಲ್ಲ ಅಡ್ಡ ಬರುತ್ತವೆ. ಹಾಗಾಗಿ ಕ್ಯಾಮೆರಾ ಇರುವ ಕಡೆಯ ಸೊಂಟಕ್ಕೇ ಹಾಕಿ. ಇಬ್ಬರೂ ಎದುರು ಬದುರು ನಿಲ್ಲುವುದರಿಂದ ಒಬ್ಬರಿಗೆ ಎಡಕ್ಕೆ, ಇನ್ನೊಬ್ಬರಿಗೆ ಬಲಕ್ಕೆ ಬರುತ್ತದೆ. ಮದುಮಗಳಿಗೂ ಮೈಕ್ ಹಾಕುವುದಾದರೆ ನೆನಪಿಡಿ, ಕೊಡವ ಸೀರೆಯ ನೆರಿಗೆ ಹಿಂದೆ ಇರುತ್ತದೆ. ಅಲ್ಲಿ ಟ್ರಾನ್ಸ್‌ಮಿಟರ್ ಇಟ್ಟರೆ ಉಬ್ಬಿ ಕಾಣುತ್ತದೆ. ಪಕ್ಕದ ಸೊಂಟವೇ ಸರಿ. ಮನೆಯ ಹೆಂಗಸರ ಕೈಯಲ್ಲೇ ಹಾಕಿಸಿ. ಕೊಕ್ಕೆತಾತಿ, ಜೋಮಾಲೆಯಂಥ ಕತ್ತಿನ ಸರಗಳು ಮೈಕಿಗೆ ತಾಗದಂತೆ ನೋಡಿಕೊಳ್ಳಲು ಹೇಳಿ.

ಲೆವೆಲ್ ವಿಚಾರದಲ್ಲಿ ನನ್ನದು ಒಂದೇ ಹಟ: ಕ್ಯಾಮೆರಾದ ಆಟೊ ಆಡಿಯೊ ಲೆವೆಲ್ ಆಫ್ ಆಗಿರಬೇಕು. ಆಟೊ ಇದ್ದರೆ ಅರುವ ಉಸಿರೆಳೆಯಲು ನಿಂತ ಕೂಡಲೇ ಕ್ಯಾಮೆರಾ ದನಿ ಏರಿಸಿ, ಹೊರಗಿನ ವಾಲಗವನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಕ್ಯಾಮೆರಾದ ಲೆವೆಲನ್ನು ಸೊನ್ನೆಗಿಂತ ಒಂದೆರಡು ಗೆರೆ ಮೇಲಿಡಿ, ಬೇಕಾದ ಜೋರನ್ನು ರಿಸೀವರ್‌ನಲ್ಲಿ ಕೊಡಿ. ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸು ಆಡುತ್ತಿದ್ದರೆ ಸಾಕು. ಎರಡೂ ಮೈಕನ್ನು ಬೇರೆ ಬೇರೆಯಾಗಿ ಹೊಂದಿಸಿ, ಇಬ್ಬರ ಗಂಟಲು ಒಂದೇ ಥರ ಇರುವುದಿಲ್ಲ ಅಲ್ವಾ?

‘ಹಲೋ, ಮೈಕ್ ಟೆಸ್ಟ್’ ಅನ್ನಿಸಿ ಲೆವೆಲ್ ಇಡಬೇಡಿ. ಟೆಸ್ಟ್‌ನಲ್ಲಿ ಎಲ್ಲರೂ ಮೆತ್ತಗೆ ಮಾತಾಡುತ್ತಾರೆ. ‘ಅಜ್ಜ, ಆಗ ಹೇಳುವ ಹಾಗೇ ಒಂದೆರಡು ಮಾತು ಹೇಳಿ ನೋಡುವಾ’ ಅಂತ ಕೇಳಿ. ಹಿರಿಯರು ಎದೆ ನೆಟ್ಟಗೆ ಮಾಡಿ ಶಾಸ್ತ್ರದ ದನಿ ತೆಗೆದರೆ ಮೀಟರ್ ಹೇಗೆ ಜಿಗಿಯುತ್ತದೆ ನೋಡಿ. ಲೆವೆಲ್ ಇಡಬೇಕಾದದ್ದು ಆ ದನಿಗೆ. ಟ್ರಾನ್ಸ್‌ಮಿಟರ್‌ನ ನಾಯ್ಸ್ ಕ್ಯಾನ್ಸಲಿಂಗ್ ಬಟನ್ ಕೂಡ ಮುಟ್ಟಬೇಡಿ. ವಾಲಗ ಕಡಿಮೆ ಮಾಡುವ ಭರದಲ್ಲಿ ಅದು ಮಾತಿನ ಕೊನೆಯನ್ನೂ ತಿನ್ನುತ್ತದೆ.

ಟ್ರಾನ್ಸ್‌ಮಿಟರ್‌ನ ಒಳ ರೆಕಾರ್ಡಿಂಗ್ ಆನ್ ಮಾಡಿ, ಹೆಡ್‌ಫೋನ್ ಹಾಕಿಕೊಂಡೇ ಶೂಟ್ ಮಾಡಿ. ಮೈಕ್ ಆನ್ ಇದೆ ಎಂದು ಇಬ್ಬರು ಹಿರಿಯರಿಗೂ ಹೇಳಿ, ಶಾಸ್ತ್ರ ಮುಗಿದ ಕೂಡಲೇ ಬಿಚ್ಚಿಕೊಳ್ಳಿ. ಆಮೇಲಿನ ಮನೆ ಮಾತು ನಮಗೆ ಸೇರಿದ್ದಲ್ಲ.

ಎಡಿಟಿಂಗ್‌ನಲ್ಲಿ ಕ್ಲಿಪ್ಪನ್ನು ಟೈಮ್‌ಲೈನ್‌ಗೆ ಎಳೆಯುವ ಮೊದಲೇ ಆಡಿಯೊವನ್ನು ಸ್ಟೀರಿಯೊದಿಂದ ಎರಡು ಮೋನೊ ಮಾಡಿ. ಪ್ರೀಮಿಯರ್‌ನಲ್ಲಿ ಆಡಿಯೊ ಚಾನೆಲ್ಸ್, ಡಾವಿಂಚಿ ರಿಸಾಲ್ವ್‌ನಲ್ಲಿ ಕ್ಲಿಪ್ ಆಟ್ರಿಬ್ಯೂಟ್ಸ್ ಎಂಬಲ್ಲಿ ಇದು ಸಿಗುತ್ತದೆ. ಇದನ್ನು ಮರೆತರೆ ಒಬ್ಬ ಅರುವ ಎಡ ಕಿವಿಯಲ್ಲಿ, ಇನ್ನೊಬ್ಬರು ಬಲ ಕಿವಿಯಲ್ಲಿ ಉಳಿಯುತ್ತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರ ಟ್ರ್ಯಾಕ್ ತಗ್ಗಿಸಿ, ಪೂರ್ತಿ ಮುಚ್ಚಬೇಡಿ. ಮಂಟಪದ ಗಾಳಿ ಸ್ವಲ್ಪ ಉಳಿಯಲಿ.

ಟ್ರಾನ್ಸ್‌ಮಿಟರ್‌ನ ಒಳಗಿನ ಫೈಲನ್ನು ಅದೇ ರಾತ್ರಿ ಕಾಪಿ ಮಾಡಿ. ನಮ್ಮ ಮಳೆಗಾಲದ ತೇವ ಗೊತ್ತೇ ಇದೆಯಲ್ಲ. ಮೈಕನ್ನು ಒದ್ದೆ ಫೋಮ್ ಸಮೇತ ಚೀಲಕ್ಕೆ ತುರುಕದೆ, ಫೋಮ್ ತೆಗೆದು ಒರೆಸಿ, ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿ ಇಡಿ.