ಹಾನುಬಾಳಿನ ಚಳಿಯಲ್ಲಿ ಹೂಜಿ ಗಿಡ

ಹುಳ ಹಿಡಿದು ತಿನ್ನುವ ಹೂಜಿ ಗಿಡ (ಪಿಚರ್ ಪ್ಲಾಂಟ್) ಸಾಕಲು ಹೊರಟವರಿಗೆ ನನ್ನ ಮೊದಲ ಮಾತು ಒಂದೇ. ಗೊಬ್ಬರ ಹಾಕಬೇಡಿ. ಸಗಣಿ ಗೊಬ್ಬರ ಬೇಡ, ಎರೆಗೊಬ್ಬರ ಬೇಡ, ಕೆಮ್ಮಣ್ಣೂ ಬೇಡ. ನನ್ನ ಮೊದಲನೇ ಗಿಡ ಸತ್ತಿದ್ದೇ ಹಾಗೆ. ಕಾಫಿ ಸಸಿಗೆ ಬುಟ್ಟಿ ತುಂಬೋ ಮಣ್ಣನ್ನೇ ಇದಕ್ಕೂ ತುಂಬಿದ್ದೆ. ಮೂರು ವಾರಕ್ಕೆ ಎಲೆಯಂಚು ಕಪ್ಪಾಯಿತು, ಆರನೇ ವಾರಕ್ಕೆ ಗಿಡವೇ ಹೋಯಿತು. ಇದರ ಬೇರಿಗೆ ಉಪ್ಪು, ಸಾರ ಎರಡೂ ತಡೆಯೋದಿಲ್ಲ. ಸಾರವಿಲ್ಲದ ಜೌಗಿನಲ್ಲಿ ಬೆಳೆದ ಗಿಡ, ಹಾಗಾಗಿಯೇ ಹುಳ ಹಿಡಿಯೋದು ಕಲಿತಿದೆ.

ನಾನು ಬೆಳೆಸುವುದು ನೆಪೆಂಥಿಸ್ ಮಿರಾಬಿಲಿಸ್ ಎಂಬ ಜಾತಿ. ಹೂಜಿ ಗಿಡಗಳಲ್ಲೇ ಅತಿ ಹೆಚ್ಚು ಜಾಗದಲ್ಲಿ ಹಬ್ಬಿರುವುದು ಇದು. ದಕ್ಷಿಣ ಚೀನಾ, ವಿಯೆಟ್ನಾಂ, ಮಲೇಷ್ಯಾ, ಬೋರ್ನಿಯೊ, ನ್ಯೂಗಿನಿ, ಕೊನೆಗೆ ಆಸ್ಟ್ರೇಲಿಯಾದ ಕೇಪ್ ಯಾರ್ಕ್ ತನಕ ಇದೆ. 1790ರಲ್ಲಿ ಲೌರೇರೊ ಎಂಬ ಪೋರ್ಚುಗೀಸ್ ಪಾದ್ರಿ ಇದನ್ನು ವಿವರಿಸಿದ. ಸಮುದ್ರ ಮಟ್ಟದ ಸೆಕೆಯ ಗಿಡ. ಸಕಲೇಶಪುರದ ಕಡೆಯ ನಮ್ಮ ಹಾನುಬಾಳಿನಲ್ಲಿ ನಾವು ಸಾವಿರ ಮೀಟರಿನ ಹತ್ತಿರದ ಎತ್ತರದಲ್ಲಿ ಇದ್ದೇವೆ, ಜನವರಿ ರಾತ್ರಿ ಹದಿನಾಲ್ಕು ಡಿಗ್ರಿಗೆ ಇಳಿಯುತ್ತದೆ. ಬಯಲುಸೀಮೆಯ ಗೆಳತಿಯರು ಬಿಸಿಲಿಗೆ ಹೆದರಿದರೆ ನಾನು ಹೆದರುವುದು ಚಳಿಗೆ.

ಮಣ್ಣಿನ ಬದಲು ಏನು ಹಾಕಬೇಕು? ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಚೂರು), ಒಂದು ಪಾಲು ಇದ್ದಿಲು ಚೂರು. ಅರಸೀಕೆರೆ ಕಡೆಯಿಂದ ಬರುವ ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ, ಹಿಂಡಿ, ನೀರು ಚೆಲ್ಲಿ. ಹೀಗೆ ಮೂರು ಸಲ. ಮೊದಲ ನೀರು ಕಷಾಯದ ಬಣ್ಣ ಬರುತ್ತದೆ, ಮೂರನೆಯದು ತಿಳಿ ಚಹಾದ ಹಾಗೆ ಇರಬೇಕು. ಇದ್ದಿಲು ಬಚ್ಚಲು ಒಲೆಯದೇ ಸಾಕು, ಆದರೆ ಬೂದಿ ಪೂರ್ತಿ ತೊಳೆಯಿರಿ. ಪ್ಲಾಸ್ಟಿಕ್ ಕುಂಡ ಒಳ್ಳೆಯದು. ಸಿಮೆಂಟ್ ಕುಂಡದಿಂದ ಸುಣ್ಣ ಇಳಿಯುತ್ತದೆ. ಇದನ್ನು ನೋಡಿ ನಮ್ಮ ಅತ್ತೆ, "ಏನೇ ಇದು, ಮಣ್ಣೇ ಇಲ್ದೆ ಗಿಡ ಸಾಕ್ತೀಯಾ?" ಅಂದರು. ಆಮೇಲೆ ಪಾಪ ಅನ್ನಿಸಿ ಒಂದು ವಾರ ಅಕ್ಕಿ ತೊಳೆದ ನೀರು ಹಾಕಿದ್ದಾರೆ! ಮಳೆ ನೀರಿನಲ್ಲಿ ಕುಂಡ ತೊಳೆದೂ ತೊಳೆದೂ ಸಾಕಾಯಿತು.

ಕುಂಡ ಬದಲಿಸುವಾಗ ಬೇರು ಕಪ್ಪಗೆ, ದಾರದಷ್ಟು ತೆಳ್ಳಗೆ ಕಾಣುತ್ತದೆ. ಕೊಳೆತಿದೆ ಅಂತ ಕತ್ತರಿಸಬೇಡಿ, ಇದರ ಬೇರಿನ ಬಣ್ಣವೇ ಅದು.

ನೀರಿಗೆ ಬರೋಣ. ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ನಮ್ಮ ಬೋರ್‌ವೆಲ್ ನೀರು 380 ತೋರಿಸಿತು, ಹಂಚಿನಿಂದ ಇಳಿದ ಮಳೆ ನೀರು 12. ಐವತ್ತರ ಒಳಗಿದ್ದರೆ ನಿಶ್ಚಿಂತೆ. ಮಳೆಗಾಲಕ್ಕೆ ಹಾನುಬಾಳಿನಲ್ಲಿ ನೀರಿಗೇನು ಬರ? ಆದರೂ ಮಾರ್ಚ್ ತಿಂಗಳಿಗೆಂದು ಇನ್ನೂರು ಲೀಟರಿನ ಡ್ರಮ್ ಒಂದನ್ನು ಬಟ್ಟೆ ಕಟ್ಟಿ ತುಂಬಿಡುತ್ತೇನೆ. ಬೇಸಿಗೆಯಲ್ಲಿ ಕುಂಡದ ಕೆಳಗಿನ ತಟ್ಟೆಯಲ್ಲಿ ಒಂದು ಇಂಚು ನೀರು ನಿಂತರೂ ಮಿರಾಬಿಲಿಸ್ ಸಹಿಸುತ್ತದೆ. ಬೇರೆ ಹೂಜಿ ಗಿಡಗಳಿಗೆ ಹಾಗೆ ಮಾಡಬೇಡಿ.

ಬೆಳಕು ಕಮ್ಮಿಯಾದರೆ ಎಲೆ ಮಾತ್ರ ಬರುತ್ತದೆ, ಹೂಜಿ ಬರೋದಿಲ್ಲ. ಬೆಳಗಿನ ಬಿಸಿಲು ಬೀಳುವ ಕಡೆ ಐವತ್ತು ಪರ್ಸೆಂಟಿನ ಶೇಡ್ ನೆಟ್ ಕೆಳಗೆ ನೇತುಹಾಕಿ. ತೋಟಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಸುವ ದಿನ ನಾನು ಕುಂಡಗಳನ್ನೆಲ್ಲ ಒಳಗೆ ಎತ್ತಿಡುತ್ತೇನೆ. ಮೈಲುತುತ್ತ ಇದರ ಎಲೆ ಮೇಲೆ ಬೀಳೋದು ಬೇಡ.

ಹೂಜಿ ಅನ್ನುವುದು ಹೂವಲ್ಲ, ಎಲೆಯ ತುದಿ. ಎಲೆಯ ತುದಿಯಿಂದ ಬಳ್ಳಿಯಂಥ ನೂಲು ಇಳಿದು, ಅದರ ಕೊನೆ ಉಬ್ಬುತ್ತದೆ. ಒಂದು ಬೆಳಿಗ್ಗೆ ಮುಚ್ಚಳದ ಅಂಚು ಸೀಳುವುದನ್ನು ಕಾಫಿ ಲೋಟ ಹಿಡಿದು ನೋಡುತ್ತಾ ಕೂತಿದ್ದೆ. ಇನ್ನೂ ಬಾಯಿ ತೆರೆಯದ ಹೂಜಿಯೊಳಗೆ ಆಗಲೇ ತಿಳಿ ನೀರು ಇತ್ತು. ಅದು ಮಳೆ ನೀರಲ್ಲ, ಗಿಡವೇ ಸುರಿಸಿದ ರಸ. ಆಮೇಲೆ ಒಂದು ವಾರದಲ್ಲಿ ಬಾಯಿಯ ಸುತ್ತಲಿನ ಪಟ್ಟಿ ಹೊರಕ್ಕೆ ಮಡಚಿ ಬಣ್ಣ ಏರಿತು. ಈ ಪಟ್ಟಿ ಒದ್ದೆಯಾದಾಗ ಮಾತ್ರ ಸರಿಯಾಗಿ ಜಾರುತ್ತದೆ. ಒಣಗಿದ ದಿನ ಇರುವೆ ಆರಾಮಾಗಿ ಓಡಾಡಿಕೊಂಡಿರುತ್ತದೆ, ಜಡಿಮಳೆ ಬಂದ ಸಂಜೆ ಸಾಲು ಸಾಲಾಗಿ ಒಳಗೆ ಬೀಳುತ್ತದೆ. ಹಾಗಾಗಿ ನೀವು ಮಾಂಸದ ಚೂರು ಹಾಕುವ ಅಗತ್ಯ ಇಲ್ಲ. ಸೊಳ್ಳೆ ಕಮ್ಮಿಯಾಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಆಗೋದಿಲ್ಲ. ಇದರ ತವರಿನಲ್ಲಿ ಕೆಲವು ಸೊಳ್ಳೆ ಮರಿಗಳು ಹೂಜಿಯೊಳಗೇ ಬೆಳೆಯುತ್ತವೆ.

ಈಗ ಮಿಶ್ರತಳಿಗಳ ವಿಷಯ. ಬೆಂಗಳೂರಿನ ಒಂದು ನರ್ಸರಿಯಿಂದ ತಂದ ಎರಡನೇ ಗಿಡದ ಚೀಟಿಯಲ್ಲಿ ಮಿರಾಬಿಲಿಸ್ ಅಂತಲೇ ಇತ್ತು. ಹೂಜಿ ಬಿಟ್ಟಾಗ ಗಡಿಗೆ ಹಾಗೆ ಕುಳ್ಳಗೆ, ಮುಚ್ಚಳ ಕಿರಿದಾಗಿತ್ತು. ಅದರಲ್ಲಿ ಆಂಪುಲೇರಿಯಾ ಎಂಬ ಇನ್ನೊಂದು ಜಾತಿಯ ಹೂಜಿ ಗಿಡದ ರಕ್ತ ಇತ್ತು! ಒಂದೇ ಜೌಗಿನಲ್ಲಿ ಬೆಳೆಯುವ ಹೂಜಿ ಗಿಡಗಳು ತಾವಾಗಿಯೇ ಬೆರೆಯುತ್ತವೆ, ಬೀಜವೂ ಮೊಳೆಯುತ್ತದೆ. ಆಂಪುಲೇರಿಯಾ ಜೊತೆ ಮಿರಾಬಿಲಿಸ್ ಸೇರಿದರೆ ಕುಚಿಂಗೆನ್ಸಿಸ್ ಎಂಬ ಮಿಶ್ರತಳಿ, ಗ್ರ್ಯಾಸಿಲಿಸ್ ಎಂಬ ಜಾತಿ ಸೇರಿದರೆ ಟ್ರೈಕೊಕಾರ್ಪಾ, ರ‍್ಯಾಫ್ಲಿಸಿಯಾನಾ ಸೇರಿದರೆ ಹೂಕೇರಿಯಾನಾ. ಗುರುತು ಹಿಡಿಯಲು ಎಳೆ ಎಲೆಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಮಿರಾಬಿಲಿಸ್ ಎಲೆ ಕಾಗದದಷ್ಟು ತೆಳು, ಅಂಚಿನಲ್ಲಿ ರೆಪ್ಪೆಗೂದಲಿನಂಥ ಕುಚ್ಚು ಇರುತ್ತದೆ. ಬಲಿತ ಎಲೆಯಲ್ಲಿ ಅದು ಅಷ್ಟಾಗಿ ಕಾಣೋದಿಲ್ಲ.

ಆಂಪುಲೇರಿಯಾ ಸ್ವಲ್ಪ ಸಸ್ಯಾಹಾರಿ. ಮುಚ್ಚಳ ಹಿಂದಕ್ಕೆ ಬಾಗಿರುವುದರಿಂದ ಮರದ ತರಗು ಒಳಗೆ ಬಿದ್ದು ಕೊಳೆತು ಅದಕ್ಕೂ ಊಟವಾಗುತ್ತದೆ. ಮಲೇಷ್ಯಾದವರು ಅದರ ಹೂಜಿಯಲ್ಲಿ ಅಂಟು ಅಕ್ಕಿ, ತೆಂಗಿನ ಹಾಲು ತುಂಬಿ ಬೇಯಿಸುತ್ತಾರೆ, ನಮ್ಮ ಕೊಟ್ಟೆ ಕಡುಬಿನ ಹಾಗೆ. ಆದರೆ ಶುದ್ಧ ಆಂಪುಲೇರಿಯಾಗೆ ನಮ್ಮ ಚಳಿ ಆಗೋದೇ ಇಲ್ಲ. ನಾನು ಎರಡು ಕಳೆದುಕೊಂಡೆ. ಮಿರಾಬಿಲಿಸ್ ಬೆರೆತ ಗಿಡ ತಡೆದುಕೊಂಡಿದೆ. ಡಿಸೆಂಬರ್, ಜನವರಿಯಲ್ಲಿ ಸಂಜೆ ಅದನ್ನು ಬಚ್ಚಲು ಮನೆಯ ಕಿಟಕಿ ಕಟ್ಟೆ ಮೇಲೆ ಇಡುತ್ತೇನೆ. ಹಂಡೆಯ ಬಿಸಿ ಬೆಳಗಿನವರೆಗೂ ಇರುತ್ತದೆ, ಹಬೆಯೂ ಸಿಗುತ್ತದೆ. ಹೊಗೆ ಬರುವ ಕಡೆ ಮಾತ್ರ ಇಡಬೇಡಿ. ಬೆಳಿಗ್ಗೆ ಹೊರಗೆ ತರಬೇಕು, ಅದೊಂದು ಕೆಲಸ.

ಗಿಡ ಹೆಚ್ಚಿಸಲು ಜೂನ್ ಸರಿಯಾದ ಕಾಲ. ಎರಡು ಮೂರು ಗೆಣ್ಣಿರುವ ಕಾಂಡ ಕತ್ತರಿಸಿ, ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಒದ್ದೆ ಪಾಚಿಯಲ್ಲಿ (ಮಾಸ್) ನೆಡಿ. ನನಗೆ ಎರಡು ತಿಂಗಳಿಗೆ ಬೇರು ಬಂದಿದೆ. ಬೀಜ ಬೇಕೆಂದರೆ ಕಷ್ಟ, ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ನನ್ನವೆರಡೂ ಗಂಡು. ಹಳದಿ ಪರಾಗವನ್ನು ಕಾಗದದಲ್ಲಿ ಮಡಚಿ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿ ಇಟ್ಟಿದ್ದೇನೆ. ಅತ್ತೆ ಅರಿಶಿನ ಅಂದುಕೊಂಡು ಸಾರಿಗೆ ಹಾಕದಿರಲಿ ಅಂತ ಮೇಲೆ ದಪ್ಪಕ್ಷರದಲ್ಲಿ "ಗಿಡದ್ದು" ಅಂತ ಬರೆದಿದ್ದೇನೆ.