ಭಾಗವತರ ಶ್ರುತಿ, ಜನರೇಟರಿನ ಶ್ರುತಿ

"ತಮ್ಮಾ, ನಿನ್ನ ಯಂತ್ರದ ಶ್ರುತಿ ಒಂದು ಕಡೆ ನಿಲ್ಲುವುದಿಲ್ಲ ಮಾರಾಯ. ನಾನು ಯಾವುದಕ್ಕೆ ಸೇರಿಸಲಿ?" ಎಂದು ಭಾಗವತರು ಪದ ನಿಲ್ಲಿಸಿಬಿಟ್ಟರು. ಮುಂಬೈ ಹೊರವಲಯದ ಭಾಯಂದರ್ ಆಚೆಯ ಉತ್ತನ್ ಕಡಲತೀರ, ಫೆಬ್ರವರಿ ಸಂಜೆ. ಹಗಲು ಕ್ಯಾಂಟೀನಿನಲ್ಲಿ ದುಡಿದು ಮುಂಬೈಯ ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಕುಂದಾಪುರ ಕಡೆಯ ಹಿರಿಯರು ಅವರು. ಅವರ ಯಕ್ಷಗಾನದ ಪದಗಳನ್ನು ಚಿತ್ರೀಕರಿಸಿ ಇಟ್ಟುಕೊಳ್ಳೋಣವೆಂದು ನಾವು ನಾಲ್ವರು ಹೋಗಿದ್ದೆವು. ಬಾಡಿಗೆಗೆ ತಂದ 2.5 ಕೆವಿಎ, ಅಂದರೆ ಹೆಚ್ಚೆಂದರೆ 2500 ವಾಟಿನ, ಪೆಟ್ರೋಲ್ ಜನರೇಟರು ಇಪ್ಪತ್ತು ಹೆಜ್ಜೆ ಆಚೆ ಗುಡುಗುತ್ತಿತ್ತು. ಆ ಸಂಜೆಯ ಧ್ವನಿಯಲ್ಲಿ ಒಂದು ಪದವೂ ಉಪಯೋಗಕ್ಕೆ ಬರಲಿಲ್ಲ.

ಧ್ವನಿ ಹಿಡಿಯುವುದೇ ನನ್ನ ಕೆಲಸವಾದರೂ ಜನರೇಟರಿನ ಬಗ್ಗೆ ತಲೆ ಕೆಡಿಸಿಕೊಂಡದ್ದು ಆಮೇಲೆಯೇ. ಸಾಮಾನ್ಯ ಪೆಟ್ರೋಲ್ ಜನರೇಟರಿನಲ್ಲಿ ಮನೆಯ ಕರೆಂಟಿನ ಹಾಗೆ 50 ಹರ್ಟ್ಸ್ (ಸೆಕೆಂಡಿಗೆ 50 ಆವರ್ತ) ಬರಬೇಕಾದರೆ ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗಲೇಬೇಕು. ಒಂದು ಬಲ್ಬು ಹಚ್ಚಿದರೂ ಅಷ್ಟೇ, ಹತ್ತು ಹಚ್ಚಿದರೂ ಅಷ್ಟೇ. ಲೈಟು ಹಾಕಿದಾಗ ಆ ವೇಗ ಒಮ್ಮೆ ಕುಸಿದು ಮತ್ತೆ ಏರುತ್ತದೆ; ಭಾಗವತರ ಕಿವಿಗೆ ಬಿದ್ದದ್ದು ಅದು. ಇನ್ವರ್ಟರ್ ಜನರೇಟರು ಬೇರೆ. ಎಂಜಿನು ಹುಟ್ಟಿಸಿದ ಕರೆಂಟನ್ನು ಮೊದಲು ಡಿಸಿ ಮಾಡಿ, ಅದರಿಂದ ಎಲೆಕ್ಟ್ರಾನಿಕ್ ಬೋರ್ಡೊಂದು ಹೊಸದಾಗಿ 50 ಹರ್ಟ್ಸ್ ಎಸಿ ಕಟ್ಟಿಕೊಡುತ್ತದೆ. ಹಾಗಾಗಿ ಲೋಡು, ಅಂದರೆ ಚುಚ್ಚಿದ ಸಾಮಾನುಗಳು ಎಳೆಯುವ ಕರೆಂಟು, ಕಡಿಮೆಯಿದ್ದರೆ ಎಂಜಿನು ನಿಧಾನವಾಗಿ ತಿರುಗಬಹುದು. ಹೋಂಡಾ, ಯಮಹಾ ಇಬ್ಬರೂ ಇಂಥದ್ದನ್ನು ಮಾಡುತ್ತಾರೆ. ಅಂಗಡಿಯಲ್ಲಿ ಬರೀ 'ಇನ್ವರ್ಟರ್' ಅಂದರೆ ಮನೆಯ ಬ್ಯಾಟರಿ ಪೆಟ್ಟಿಗೆ ತೋರಿಸುತ್ತಾರೆ, ಜನರೇಟರ್ ಎಂದು ಒತ್ತಿ ಹೇಳಬೇಕು.

ಮನೆಯಲ್ಲಿ ವಾಟ್‌ಮೀಟರಿಗೆ ಎಲ್ಲವನ್ನೂ ಚುಚ್ಚಿ ನೋಡಿದೆ: ಎರಡು ಎಲ್‌ಇಡಿ ಪ್ಯಾನೆಲ್, ಲ್ಯಾಪ್‌ಟಾಪ್, ಮಾನಿಟರ್, ಕ್ಯಾಮೆರಾ ಚಾರ್ಜರುಗಳು. ಒಟ್ಟು 410 ವಾಟ್. 1 ಕೆವಿಎ ಧಾರಾಳ ಸಾಕು. ಆದರೂ 2 ಕೆವಿಎಯ ಇನ್ವರ್ಟರ್ ಜನರೇಟರನ್ನೇ ತೆಗೆದುಕೊಂಡೆ, ಯಾಕೆಂದರೆ ಸಣ್ಣದು ಅರ್ಧ ಲೋಡಿನಲ್ಲಿ ಏದುಸಿರು ಬಿಡುವಾಗ ದೊಡ್ಡದು ಕಾಲು ಲೋಡಿನಲ್ಲಿ ಆರಾಮಾಗಿರುತ್ತದೆ. ತೂಕ ಇಪ್ಪತ್ತು ಕಿಲೋದ ಆಸುಪಾಸು, ಒಬ್ಬನೇ ಎತ್ತಬಹುದು.

ಡೆಸಿಬೆಲ್ ವಿಷಯದಲ್ಲಿ ಮಾತ್ರ ನಾನು ಬಹಳ ದಿನ ಮೋಸಹೋದೆ. ಒಂದು ಕರಪತ್ರದಲ್ಲಿ 58, ಇನ್ನೊಂದರಲ್ಲಿ 86. 86 ಎಂದರೆ ಭಯಂಕರ ಅನಿಸುತ್ತದಲ್ಲವೇ? ಅದು ಯಂತ್ರದ ಒಟ್ಟು ಧ್ವನಿಶಕ್ತಿ. ಸಣ್ಣ ಪೆಟ್ರೋಲ್ ಜನರೇಟರುಗಳಿಗೆ ನಮ್ಮ ದೇಶದ ಕಾನೂನು ಹಾಕಿರುವ ಮಿತಿಯೂ ಅದೇ 86. ಬಯಲಿನಲ್ಲಿ 7 ಮೀಟರ್ ದೂರ ನಿಂತು ಅಳೆದರೆ ಅದು 61ರ ಹತ್ತಿರ ಬರುತ್ತದೆ. ಆ 58 ಕೂಡ 7 ಮೀಟರಿನಲ್ಲಿ ಅಳೆದದ್ದಾದರೆ 58ಕ್ಕೂ 86ಕ್ಕೂ ನಿಜವಾದ ಅಂತರ ಮೂರೇ ಮೂರು. ಆ 58ನ್ನೂ ಕಾಲು ಲೋಡಿನಲ್ಲಿ ಅಳೆದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ. ದೂರ ಎಷ್ಟು, ಲೋಡು ಎಷ್ಟು ಎಂದು ಬರೆಯದ ಡೆಸಿಬೆಲ್ಲನ್ನು ಈಗ ನಾನು ಓದುವುದೇ ಇಲ್ಲ.

ಆದ್ದರಿಂದ ಯಂತ್ರ ಕೊಳ್ಳಲು ಮುಂಬೈಯ ಯಂತ್ರಸಾಮಾನಿನ ಬೀದಿ ನಾಗದೇವಿ ಸ್ಟ್ರೀಟಿಗೆ ಹೋಗುವಾಗ, ಲೋಡು ಹಾಕಿ ನೋಡಲೆಂದು ಮನೆಯ 1000 ವಾಟಿನ ಇಸ್ತ್ರಿಪೆಟ್ಟಿಗೆ ಚೀಲಕ್ಕೆ ಹಾಕಿಕೊಂಡೆ. ಅಂಗಡಿಯವರು ಲೋಡಿಲ್ಲದೆ ಚಾಲೂ ಮಾಡಿ "ನೋಡಿ, ಎಷ್ಟು ತಣ್ಣಗಿದೆ" ಎಂದರು. ಇಸ್ತ್ರಿಪೆಟ್ಟಿಗೆ ಚುಚ್ಚಿದ ಕೂಡಲೇ 'ಸೈಲೆಂಟ್' ಎಂದು ಬರೆದಿದ್ದ ಒಂದು ಯಂತ್ರ ರಿಕ್ಷಾದ ಹಾಗೆ ಒದರಿತು. ಮೊಬೈಲಿನ ಡೆಸಿಬೆಲ್ ಆ್ಯಪು ಸರಿಯಾದ ಅಂಕಿ ಕೊಡದಿದ್ದರೂ ಎರಡು ಯಂತ್ರಗಳ ನಡುವಿನ ವ್ಯತ್ಯಾಸಕ್ಕೆ ಸಾಕು.

ಮತ್ತೆ ಉತ್ತನ್‌ಗೆ ಹೋದಾಗ ಜೊತೆಗೆ 30 ಮೀಟರಿನ 2.5 ಚದರ ಮಿಲಿಮೀಟರ್ ಕೇಬಲ್ ಒಯ್ದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗ 6 ಡೆಸಿಬೆಲ್ ಇಳಿಯುತ್ತದೆ. 7 ಮೀಟರಿನಿಂದ 28ಕ್ಕೆ ಹೋದರೆ 12. ಇಷ್ಟು ಅಗ್ಗದ ಸೈಲೆನ್ಸರು ಇನ್ನೊಂದಿಲ್ಲ. ನಮ್ಮ ಲೋಡು ಎರಡು ಆಂಪಿಯರೂ ಇಲ್ಲ, ವೋಲ್ಟೇಜು ಒಂದು ವೋಲ್ಟಿಗಿಂತ ಹೆಚ್ಚು ಬೀಳದು. ಲೋಡು ಹೆಚ್ಚಿದ್ದರೆ ಮಾತ್ರ ಸುರುಳಿಯಲ್ಲಿರುವ ಕೇಬಲ್ ಬಿಸಿಯಾಗುತ್ತದೆ, ಆಗ ಪೂರ್ತಿ ಬಿಚ್ಚಬೇಕು. ಜನರೇಟರನ್ನು ಟೆಂಪೋದ ಹಿಂದೆ ರಬ್ಬರ್ ಮ್ಯಾಟಿನ ಮೇಲೆ ಇಟ್ಟೆವು. ಟೆಂಪೋದೊಳಗೇ ಇಟ್ಟು ಬಾಗಿಲು ಹಾಕೋಣ ಎಂದ ಡ್ರೈವರ್ ಅಣ್ಣನಿಗೆ ಜೀವ ತೆಗೆಯುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿನ ಕತೆ ಹೇಳಬೇಕಾಯಿತು. ರೆಕಾರ್ಡರನ್ನು ಅದರ ಸ್ವಂತ ಬ್ಯಾಟರಿಯಲ್ಲೇ ಬಿಟ್ಟೆ, ಕರೆಂಟಿನ ಗುಂಯ್ ಸದ್ದಿನ ಕಾಟ ಅಲ್ಲಿಗೆ ತಪ್ಪಿತು.

ಈ ಯಂತ್ರಕ್ಕೂ ಒಂದು ಕೆಟ್ಟ ಚಾಳಿಯಿದೆ. ಲೋಡು ಬದಲಾದಂತೆ ವೇಗ ಬದಲಾಗುತ್ತದೆ. ಪದದ ನಡುವೆ ಲ್ಯಾಪ್‌ಟಾಪ್ ಚಾರ್ಜ್ ತುಂಬಿ ಲೋಡು ಇಳಿದಾಗ ಎಂಜಿನಿನ ದನಿಯೂ ಇಳಿಯಿತು. ಒಂದೇ ಸಮನೆ ಇರುವ ಗುಂಯ್ ಸದ್ದನ್ನು ಆಮೇಲೆ ತೆಗೆಯಬಹುದು, ಜಾರುವ ಸದ್ದು ಕಷ್ಟ. ಅಂದಿನಿಂದ ಟೇಕುಗಳ ನಡುವೆ ಲೈಟು ಆರಿಸುವುದಿಲ್ಲ, ಲ್ಯಾಪ್‌ಟಾಪನ್ನು ಮೊದಲೇ ತುಂಬಿಸಿಡುತ್ತೇನೆ.

ಇನ್ನು ಗಾಳಿ. ಸಂಜೆ ಕಡಲಿನಿಂದ ಬೀಸುತ್ತಿತ್ತು, ಜನರೇಟರು ಪೂರ್ವಕ್ಕಿತ್ತು, ಸದ್ದೆಲ್ಲ ಊರ ಕಡೆ ಹೋಯಿತು. ಬೆಳಿಗ್ಗೆ ಐದೂವರೆಗೆ ನೆಲದ ಗಾಳಿ ಎದ್ದಾಗ ಅದೇ ಸದ್ದು ನೇರ ಮೈಕಿಗೆ ಬಂತು. ಪಡುವಣಕ್ಕೆ ಸಾಗಿಸೋಣವೆಂದರೆ ಅದು ಫ್ರೇಮಿನೊಳಗೆ. ಆರಿಸಿಬಿಟ್ಟೆ. ರಾತ್ರಿಯಿಡೀ ತುಂಬಿಸಿದ್ದ ಬ್ಯಾಟರಿಗಳ ಮೇಲೆ ಪ್ಯಾನೆಲ್ ನಡೆದವು, ಎರಡು ಪದ ಮುಗಿದವು.

"ಪೆಟ್ರೋಲು ಮುಗಿಯಿತಾ?" ಎಂದು ಕೇಳಿದರು ಭಾಗವತರು.